ಥಿಂಕ್, ಕನ್ಸಿಡರ್, ವಂಡರ್: ಎಲ್ಲಿ ಯಾವುದು?

‘ಕೆಲಸ ಬದಲಿಸೋಣ ಅಂತ ಯೋಚಿಸ್ತಿದ್ದೀನಿ’ ಅನ್ನೋಕೆ ಇಂಗ್ಲಿಷಿನಲ್ಲಿ ಥಿಂಕೋ ಕನ್ಸಿಡರೋ ಅಂತ ಕೇಳಿದ್ದೀರಿ. ಎರಡೂ ಸರಿ. ಮಾತಿಗೆ ‘ಐ ಆಮ್ ಥಿಂಕಿಂಗ್ ಆಫ್ ಚೇಂಜಿಂಗ್ ಮೈ ಜಾಬ್’ ಸಾಕು. ‘ಕನ್ಸಿಡರಿಂಗ್’ ಅಂದರೆ ಸಾಧಕ-ಬಾಧಕ ತೂಗಿ ನೋಡ್ತಿದ್ದೀರಿ ಅಂತ. ಆದರೆ ಕನ್ಸಿಡರ್ ಆದ ಮೇಲೆ ‘ಅಬೌಟ್’ ಬೇಡ, ‘ಟು ಚೇಂಜ್’ ಕೂಡ ಬೇಡ, ನೇರ ‘ಚೇಂಜಿಂಗ್’. ನಮ್ಮ ಕನ್ನಡದ ‘ಬಗ್ಗೆ’ ಅಲ್ಲಿ ‘ಅಬೌಟ್’ ಆಗಿ ನುಸುಳಿಬಿಡುತ್ತೆ.

ಬರೀ ಅಭಿಪ್ರಾಯವಾದರೆ ‘ಐ ಥಿಂಕ್’ ಅಷ್ಟೇ. ‘ಬರ್ತಾನೋ ಇಲ್ವೋ’ ಅನ್ನುವಾಗಿನ ಆ ‘ಓ’ಗೆ ‘ಐ ವಂಡರ್ ಇಫ್’.

ನೀವು ಕೇಳದಿದ್ದರೂ ‘ಡೌಟ್’ ಹೇಳಲೇಬೇಕು, ಹೆಚ್ಚು ಜನ ಬೀಳುವ ಗುಂಡಿ ಅದು. ‘ಐ ಡೌಟ್ ಹೀ ಟುಕ್ ಇಟ್’ ಅಂದರೆ ಅವನು ತಗೊಂಡಿರಲಿಕ್ಕಿಲ್ಲ ಅಂತ! ಅವನೇ ತಗೊಂಡಿರಬೇಕು ಅನ್ನೋ ಅನುಮಾನಕ್ಕೆ ‘ಐ ಸಸ್ಪೆಕ್ಟ್’ ಬೇಕು. ಕನ್ನಡದಲ್ಲಿ ಎರಡಕ್ಕೂ ‘ಅನುಮಾನ’ ಒಂದೇ ನಡೆಯುತ್ತೆ, ಅದಕ್ಕೇ ಈ ಗೊಂದಲ.