ಮೂರು ಲೀಟರ್ ಆಯಿಲ್ ಮೇಲೆ ನಿಂತಿರೋ ಇಂಜಿನ್: ಹಳೇ 1.3 ಡೀಸೆಲ್ ಬಗ್ಗೆ ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಹಳೇ ಡೀಸೆಲ್ ಕಾರುಗಳ ಬಗ್ಗೆ ಬರೀರಿ ಅಂದಿದ್ದೇ ತಡ, ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಇಂಜಿನ್ ಬಗ್ಗೆ. ಅದೇ ಸ್ವಿಫ್ಟ್, ಇಂಡಿಕಾ ವಿಸ್ಟಾದಂಥ ಕಾರುಗಳಲ್ಲಿ ಬರ್ತಿದ್ದ 1,248 ಸಿಸಿ ಟರ್ಬೊ ಡೀಸೆಲ್, ಎಲ್ರೂ 1.3 ಅನ್ನೋದು. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟುಬಿಟ್ಟಿದೀವಿ, ಪೆಟ್ರೋಲ್‌ನವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ನನ್ನದು ಸೆಕೆಂಡ್ ಹ್ಯಾಂಡ್ 1.3 ಡೀಸೆಲ್ ಕಾರು, 1,60,000 ಕಿಮೀ ಆಗಿದೆ. ಒಬ್ಬ ಮೆಕ್ಯಾನಿಕ್ ಟೈಮಿಂಗ್ ಬೆಲ್ಟ್ ಬದಲಾಯಿಸಿ ಅಂತಾನೆ, ಇನ್ನೊಬ್ಬ ಇದ್ರಲ್ಲಿ ಬೆಲ್ಟೇ ಇಲ್ಲ, ಚೈನು, ಜೀವಮಾನಪೂರ್ತಿ ಮುಟ್ಟೋದೇ ಬೇಡ ಅಂತಾನೆ. ಯಾರ ಮಾತು ಕೇಳಲಿ?

ಮೊದಲನೆಯವನ ಮಾತು ಪೂರ್ತಿ ತಪ್ಪು, ಎರಡನೆಯವನದು ಅರ್ಧ ಸರಿ. ನಿಜ, ಇದ್ರಲ್ಲಿ ಇರೋದು ಚೈನೇ, ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚಿಸೋದು ಅದೇ. ಹೊರಗಡೆ ಕಾಣೋ ಬೆಲ್ಟು ಆಲ್ಟರ್ನೇಟರ್, ಎಸಿ ತಿರುಗಿಸೋದು, ಅದು ಬೇರೆ ಕಥೆ. ಈ ಇಂಜಿನ್ ಬಂದಾಗ ಚೈನಿಗೆ ಮೇಂಟೆನೆನ್ಸೇ ಬೇಡ ಅಂತ ಹೇಳಿಯೇ ಮಾರಿದ್ದು, ಆ ಮಾತು ಹಾಗೇ ಬಾಯಿಂದ ಬಾಯಿಗೆ ಬಂದುಬಿಟ್ಟಿದೆ.

ಆದ್ರೆ ಚೈನು ತಾನೇ ತಾನಾಗಿ ಬಿಗಿಯಾಗಿ ನಿಲ್ಲಲ್ಲ ನೋಡಿ. ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಒಳಗೆ ಒಂದು ಪುಟ್ಟ ಪಿಸ್ಟನ್ ಇದೆ, ಅದನ್ನ ತಳ್ಳೋದು ಇಂಜಿನ್ ಆಯಿಲ್ ಪ್ರೆಷರ್. ಆಯಿಲ್ ಕಮ್ಮಿ ಆದ್ರೆ, ಇಲ್ಲಾ ತಳದಲ್ಲಿ ಗಸಿ ಕಟ್ಟಿ ಆಯಿಲ್ ಎಳೆಯೋ ಜಾಲರಿ ಮುಚ್ಚಿಕೊಂಡ್ರೆ ಟೆನ್ಷನರ್ ಸಡಿಲ, ಚೈನು ತನ್ನ ದಾರಿ ಹಿಡಿದಿಡೋ ಗೈಡ್ ಪಟ್ಟಿಗೆ ಬಡಿಯೋಕೆ ಶುರು. ಮೇಲಾಗಿ ಇದು ಒಂದೇ ಸಾಲಿನ ತೆಳ್ಳಗಿನ ಚೈನು, ಮತ್ತೆ ಈ ಇಂಜಿನ್‌ಗೆ ಹಿಡಿಯೋ ಆಯಿಲ್ಲೇ ಮೂರು ಲೀಟರ್ ಚಿಲ್ಲರೆ. ಅದ್ರಲ್ಲಿ ಒಂದು ಲೀಟರ್ ಕಮ್ಮಿ ಆಯ್ತು ಅಂದ್ರೆ ಮೂರರಲ್ಲಿ ಒಂದು ಪಾಲು ಹೋಯ್ತು ಅಂತ ಲೆಕ್ಕ. ಆಯಿಲ್ ಲೈಟ್ ಹತ್ತೋ ತನಕ ಕಾಯ್ತೀನಿ ಅಂದ್ರೆ, ಅದು ಹತ್ತೋದು ಪ್ರೆಷರ್ ಬಿದ್ದ ಮೇಲೆ, ಅಷ್ಟೊತ್ತಿಗೆ ಬೇರಿಂಗ್ ತಿಂದಿರುತ್ತೆ.

ನೀವು ಮಾಡಬೇಕಾದ್ದು ಇಷ್ಟೇ. ರಾತ್ರಿಯೆಲ್ಲಾ ನಿಂತಿದ್ದ ಗಾಡಿನ ಬೆಳಗ್ಗೆ ಬಾನೆಟ್ ಎತ್ತಿಕೊಂಡು, ಬೇರೆಯವರ ಕೈಲಿ ಸ್ಟಾರ್ಟ್ ಮಾಡಿಸಿ ಕಿವಿ ಕೊಡಿ. ಒಂದು ಸೆಕೆಂಡು ಗರಗರ ಅಂದು ಸುಮ್ಮನಾದ್ರೆ ಇನ್ನೂ ಟೈಮ್ ಇದೆ. ಡಬ್ಬದೊಳಗೆ ಸರಪಳಿ ಎಳೆದ ಹಾಗೆ ಮೂರ್ನಾಲ್ಕು ಸೆಕೆಂಡು ಸದ್ದು ಬಂದ್ರೆ, ಅಥವಾ ಬಿಸಿ ಆದ್ಮೇಲೂ ಐಡಲ್‌ನಲ್ಲಿ ಬರ್ತಾನೇ ಇದ್ರೆ, ಚೈನು, ಗೈಡು, ಟೆನ್ಷನರ್ ಮೂರನ್ನೂ ಒಟ್ಟಿಗೆ ಹಾಕಿಸಿ. ಚೈನು ಒಂದೇ ಹಾಕ್ತೀನಿ ಅನ್ನೋರ ಹತ್ರ ಬಿಡಬೇಡಿ. ಸಡಿಲಾದ ಚೈನು ಚಕ್ರದ ಒಂದು ಹಲ್ಲು ದಾಟಿ ಜಾರಿದ್ರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆಯುತ್ತೆ. ಅದೃಷ್ಟ ಇದ್ರೆ ವಾಲ್ವ್ ಒತ್ತೋ ಪುಟ್ಟ ತೋಳು, ಅಂದ್ರೆ ರಾಕರ್ ಆರ್ಮ್ ಮುರಿದು ವಾಲ್ವ್ ಉಳ್ಕೊಳ್ಳುತ್ತೆ, ಇಲ್ಲಾಂದ್ರೆ ಹೆಡ್ಡು ಬಿಚ್ಚೋದೇ.

ಪ್ರಶ್ನೆ: ಈ ಇಂಜಿನ್ ಮಾರುತಿದಾ, ಟಾಟಾದಾ, ಫಿಯಟ್‌ದಾ? ಫ್ರೆಂಡ್ಸ್ ಮಧ್ಯೆ ಬೆಟ್ ಆಗಿದೆ.

ಫಿಯಟ್ ಅಂದವರು ಗೆದ್ರು, ಆದ್ರೂ ಪೂರ್ತಿ ಅಲ್ಲ. ಫಿಯಟ್ ಮತ್ತು ಜನರಲ್ ಮೋಟಾರ್ಸ್ ಜೊತೆಯಾಗಿದ್ದ ಕಾಲದ್ದು ಇದು, 2003ರಲ್ಲಿ ಪೋಲೆಂಡ್‌ನ ಕಾರ್ಖಾನೆಯಿಂದ ಹೊರಗೆ ಬಂತು, 2005ರಲ್ಲಿ ತನ್ನ ಸೈಜಿನ ಗುಂಪಿನಲ್ಲಿ ಇಂಟರ್‌ನ್ಯಾಷನಲ್ ಇಂಜಿನ್ ಆಫ್ ದಿ ಇಯರ್ ಪ್ರಶಸ್ತಿನೂ ತಗೊಂಡಿತು. ಫಿಯಟ್‌ನವರು ಮಲ್ಟಿಜೆಟ್ ಅಂದ್ರು, ಮಾರುತಿ 2007ರಲ್ಲಿ ಸ್ವಿಫ್ಟ್‌ಗೆ ಹಾಕಿ ಡಿಡಿಐಎಸ್ ಅಂತು, ಟಾಟಾದವರು ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಅಂದ್ರು. ಬೋರ್ 69.6 ಮಿಮೀ, ಸ್ಟ್ರೋಕ್ 82 ಮಿಮೀ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಬ್ಲಾಕು ಕಬ್ಬಿಣದ್ದು, ಎಲ್ಲದರಲ್ಲೂ ಅದೇ. 2020ರಲ್ಲಿ ಬಿಎಸ್6 ಅನ್ನೋ ಬಿಗಿಯಾದ ಹೊಗೆ ನಿಯಮ ಬಂದಾಗ ಇಲ್ಲಿ ನಿಂತೋಯ್ತು. ಬೆಟ್ ದುಡ್ಡು ಹಂಚ್ಕೊಳ್ಳಿ.

ಪ್ರಶ್ನೆ: ಆಯಿಲ್ ಚೇಂಜ್ ಮಾಡಿಸಿ ಒಂದು ವಾರಕ್ಕೇ ಕಪ್ಪಗಾಗಿದೆ. ಹಳೇ ಆಯಿಲ್ಲೇ ಹಾಕಿ ಮೋಸ ಮಾಡಿದಾರಾ?

ಇಲ್ಲ. ಡೀಸೆಲ್‌ನಲ್ಲಿ ಮಸಿ ಜಾಸ್ತಿ, ಆ ಮಸಿನ ಹಿಡಿದು ತೇಲಿಸಿಕೊಂಡು ಇರೋದೇ ಆಯಿಲ್ ಕೆಲಸ, ಒಳಗೆ ಉಳಿದಿದ್ದ ಒಂದು ಲೋಟ ಹಳೇ ಆಯಿಲ್ ಸಾಕು ಎಲ್ಲಾ ಕಪ್ಪಾಗೋಕೆ. ಕಪ್ಪಾಗದೇ ಹೋದ್ರೆ ಯೋಚನೆ ಮಾಡಿ.

ಬಣ್ಣಕ್ಕಿಂತ ಲೆವೆಲ್ ನೋಡಿ. ಕಮ್ಮಿ ಆಗೋದು ಎಲ್ರಿಗೂ ಗೊತ್ತು, ಆದ್ರೆ ಜಾಸ್ತಿ ಆಗ್ತಾ ಇದ್ರೆ ಅದೂ ಕೆಟ್ಟದ್ದೇ, ಸುಡದ ಡೀಸೆಲ್ ಕೆಳಗಿಳಿದು ಆಯಿಲ್ ಜೊತೆ ಸೇರ್ತಾ ಇದೆ ಅಂತ ಅರ್ಥ. ಡಿಪ್ ಸ್ಟಿಕ್ ಮೂಸಿ ನೋಡಿದ್ರೆ ಡೀಸೆಲ್ ವಾಸನೆ ಗೊತ್ತಾಗುತ್ತೆ. ಹೊರದೇಶದಲ್ಲಿ ಇದೇ ಇಂಜಿನ್‌ಗೆ 30,000 ಕಿಮೀ ತನಕ ಆಯಿಲ್ ಓಡಿಸಬಹುದು ಅಂತ ಬರೆದುಕೊಟ್ಟಿದ್ರು, ಅಲ್ಲಿ ಚೈನು ಸದ್ದು ಮಾಡಿದ ಕಥೆಗಳೂ ಅಷ್ಟೇ ಜಾಸ್ತಿ. ನನ್ನ ಮಾತು ಕೇಳೋದಾದ್ರೆ ಇಷ್ಟು ವಯಸ್ಸಾದ ಇಂಜಿನ್‌ಗೆ 10,000 ಕಿಮೀ ದಾಟಿಸಬೇಡಿ, ಊರೊಳಗೇ ಓಡಾಡೋ ಗಾಡಿ ಆದ್ರೆ ಇನ್ನೂ ಮುಂಚೆ.

ಪ್ರಶ್ನೆ: ಪಿಕಪ್ಪೇ ಇಲ್ಲ ಸಾರ್. ಏರು ಹತ್ತುವಾಗ ಕಪ್ಪು ಹೊಗೆ, ಜೊತೆಗೆ ಸುಂಯ್ ಅಂತ ಸದ್ದು. ಟರ್ಬೊ ಹೋಗಿದೆ, ಹೊಸದು ಹಾಕಬೇಕು ಅಂದಿದಾರೆ. ಹಾಕಿಸಲಾ?

ತಡೀರಿ ತಡೀರಿ. ಟರ್ಬೊ (ಹೊರಹೋಗೋ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳೋ ಚಕ್ರ) ಅನ್ನೋದು ಪಾಪದ ಪ್ರಾಣಿ, ಯಾರ್ಯಾರದೋ ತಪ್ಪು ಅದರ ತಲೆಗೆ ಬರುತ್ತೆ. ಕಪ್ಪು ಹೊಗೆ ಅಂದ್ರೆ ಹೋಗಿರೋ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗ್ತಿಲ್ಲ. ಗಾಳಿ ಎಲ್ಲಿ ತಪ್ಪಿಸಿಕೊಳ್ತಾ ಇದೆ ಅಂತ ಮೊದಲು ಹುಡುಕಬೇಕು. ಟರ್ಬೊದಿಂದ ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗೋ ರಬ್ಬರ್ ಹೋಸ್‌ಗಳು ಹತ್ತು ವರ್ಷಕ್ಕೆ ಮೆತ್ತಗಾಗಿ ಕೆಳಭಾಗದಲ್ಲಿ ಸೀಳುತ್ತವೆ, ನಿಂತಿದ್ದಾಗ ಕಾಣಲ್ಲ, ಪ್ರೆಷರ್ ಬಂದಾಗ ಬಾಯಿ ಬಿಡುತ್ತೆ, ಆ ಸುಂಯ್ ಸದ್ದು ಅದರದ್ದೇ ಇರೋ ಸಾಧ್ಯತೆ ಬಹಳ. ಹೋಸ್ ಮೇಲೆ ಎಣ್ಣೆ ಜಿಡ್ಡಿನ ಗುರುತು ಇದ್ರೆ ಸೀಳಿರೋ ಜಾಗ ಅಲ್ಲೇ. ಆಮೇಲೆ ಏರ್ ಫಿಲ್ಟರ್. ಆಮೇಲೆ ಇಜಿಆರ್ ವಾಲ್ವ್.

ಈ ಇಜಿಆರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸುಟ್ಟ ಹೊಗೆಯಲ್ಲಿ ಸ್ವಲ್ಪ ಭಾಗನ ಮತ್ತೆ ಇಂಜಿನ್ ಒಳಗೇ ಕಳಿಸಿ ಸಿಲಿಂಡರ್ ಬಿಸಿ ಇಳಿಸೋದು, ಅದರಿಂದ ನೈಟ್ರೋಜನ್ ಆಕ್ಸೈಡ್ ಕಮ್ಮಿ ಮಾಡೋದು ಇದರ ಉದ್ದೇಶ. ಉದ್ದೇಶ ಒಳ್ಳೇದೇ. ಆದ್ರೆ ಆ ಹೊಗೆಯ ಮಸಿ, ಇಂಜಿನ್ ಕೆಳಭಾಗದ ಕ್ರ್ಯಾಂಕ್‌ಕೇಸ್‌ನಿಂದ ಬರೋ ಎಣ್ಣೆ ಹಬೆ, ಎರಡೂ ಒಂದೇ ಕೊಳವೆಯಲ್ಲಿ ಸೇರಿ ಟಾರಿನ ಥರ ಅಂಟುತ್ತೆ, ವಾಲ್ವ್ ಅರ್ಧ ತೆರೆದು ಹಾಗೇ ಹಿಡ್ಕೊಳ್ಳುತ್ತೆ, ಆಗ ತಾಜಾ ಗಾಳಿ ಬರೋ ಜಾಗದಲ್ಲಿ ಹೊಗೆ ತುಂಬ್ಕೊಳ್ಳುತ್ತೆ, ಪಿಕಪ್ ಸತ್ತುಹೋಗುತ್ತೆ. ಬಿಚ್ಚಿ ಕ್ಲೀನ್ ಮಾಡಿಸಿದ್ರೆ ಗಾಡಿ ಎಷ್ಟೋ ಸುಧಾರಿಸುತ್ತೆ. ಮುಚ್ಚಿಬಿಡಿ ಅಂತ ಐಡಿಯಾ ಕೊಡೋರು ಇರ್ತಾರೆ, ಬೇಡ, ಹೊಗೆ ಪರೀಕ್ಷೆನೂ ಇದೆ, ನಮ್ಮ ಶ್ವಾಸಕೋಶನೂ ಇದೆ.

ಇಷ್ಟೆಲ್ಲಾ ಸರಿ ಇದ್ರೆ ಆಗ ಟರ್ಬೊ ನೋಡಿ. ಏರ್ ಪೈಪ್ ಬಿಚ್ಚಿ ಒಳಗಿನ ಚಕ್ರನ ಬೆರಳಲ್ಲಿ ಹಿಡಿದು ಅಲ್ಲಾಡಿಸಿ (ಇಂಜಿನ್ ಆಫ್ ಮಾಡಿ, ಆರಿದ ಮೇಲೆ!). ಪಕ್ಕಕ್ಕೆ ಒಂಚೂರು ಆಡೋದು ಸಹಜ. ಹಿಂದೆ ಮುಂದೆ ಆಡಿದ್ರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ರೆ ಹೋಗಿದೆ. 75 ಪಿಎಸ್ ಮಾಡೆಲ್‌ನಲ್ಲಿ ಇರೋದು ಸರಳ ಟರ್ಬೊ. 90 ಪಿಎಸ್‌ದರಲ್ಲಿ ಒಳಗಡೆ ತಿರುಗೋ ರೆಕ್ಕೆಗಳಿರೋ ವಿಜಿಟಿ, ಅದು ಮಸಿ ಕಟ್ಟಿ ಹಿಡ್ಕೊಂಡ್ರೆ ಇಂಜಿನ್ ತನ್ನ ರಕ್ಷಣೆಗೆ ಶಕ್ತಿ ಇಳಿಸಿಕೊಂಡು ಲಿಂಪ್ ಮೋಡ್‌ಗೆ ಹೋಗುತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಸ್ವಲ್ಪ ಹೊತ್ತು ಸರಿ ಹೋಗಿ ಮತ್ತೆ ಅದೇ ಹಾಡು.

ಒಂದು ವೇಳೆ ನಿಜವಾಗ್ಲೂ ಟರ್ಬೊ ಹೋಗಿದ್ರೆ, ಯಾಕೆ ಹೋಯ್ತು ಅಂತ ಕೇಳದೇ ಹೊಸದು ಹಾಕಿಸಬೇಡಿ. ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಹತ್ತಿರ ತಿರುಗೋ ಶಾಫ್ಟು ಅದು, ಎಣ್ಣೆ ಪದರದ ಮೇಲೆ ತೇಲ್ತಾ ಇರುತ್ತೆ ಅಷ್ಟೇ. ಅದಕ್ಕೆ ಆಯಿಲ್ ತರೋ ಸಣ್ಣ ಪೈಪು ಸುಟ್ಟ ಎಣ್ಣೆಯಿಂದ ಕಟ್ಟಿದ್ರೆ ಹೊಸ ಟರ್ಬೊನೂ ಹಳೇದರ ದಾರಿನೇ ಹಿಡಿಯುತ್ತೆ. ಆ ಪೈಪು, ಫಿಲ್ಟರ್, ತಳದ ಜಾಲರಿ, ಎಲ್ಲಾ ನೋಡಿಸಿ.

ಪ್ರಶ್ನೆ: ಗಾಡಿ ಆಫ್ ಮಾಡೋ ಮುಂಚೆ ಐದು ನಿಮಿಷ ಐಡಲ್ ಬಿಡಬೇಕು ಅಂತ ನಮ್ಮಪ್ಪ ಹಠ ಮಾಡ್ತಾರೆ. ನಿಜಕ್ಕೂ ಬೇಕಾ?

ಅಪ್ಪನ ಮಾತಿನ ಹಿಂದೆ ವಿಷಯ ಇದೆ, ಐದು ನಿಮಿಷ ಮಾತ್ರ ಜಾಸ್ತಿ. ಹೈವೇಲಿ ಬಿಟ್ಟು ಓಡಿಸಿ ನೇರ ಬಂದು ನಿಲ್ಲಿಸಿದ್ರೆ ಅರ್ಧದಿಂದ ಒಂದು ನಿಮಿಷ ಬಿಡಿ, ತಕ್ಷಣ ಆಫ್ ಮಾಡಿದ್ರೆ ಕೆಂಡದಂಥ ಟರ್ಬೊದೊಳಗೆ ಆಯಿಲ್ ನಿಂತಲ್ಲೇ ಸುಟ್ಟು ಇದ್ದಿಲಾಗುತ್ತೆ. ಟ್ರಾಫಿಕ್‌ನಲ್ಲಿ ತೆವಳಿಕೊಂಡು ಮನೆಗೆ ಬಂದಿದ್ರೆ ಅದಾಗ್ಲೇ ತಣ್ಣಗಿರುತ್ತೆ. ಅದಕ್ಕಿಂತ ಮುಖ್ಯ, ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡಬೇಡಿ, ಆಯಿಲ್ ಮೇಲೆ ತಲುಪೋಕೆ ಬಿಡಿ.

ಪ್ರಶ್ನೆ: ಹಳೇ ಡೀಸೆಲ್ ಗಾಡಿ ಕೀ ತೆಗೆದ್ರೂ ನಿಲ್ಲದೇ ತಾನೇ ರೇಸ್ ಆಗಿ ಬಿಳಿ ನೀಲಿ ಹೊಗೆ ತುಂಬಿಸಿದ್ದನ್ನ ಕಣ್ಣಾರೆ ನೋಡಿದೆ. ಭೂತನಾ ಅದು?

ಭೂತ ಅಲ್ಲ, ಆಯಿಲ್. ಪೆಟ್ರೋಲ್ ಗಾಡಿಗೆ ಕಿಡಿ ಬೇಕು, ಡೀಸೆಲ್‌ಗೆ ಬೇಡ, ಒತ್ತಡದ ಬಿಸಿಗೇ ಹತ್ತಿಕೊಳ್ಳುತ್ತೆ. ಕೀ ತೆಗೆದ್ರೆ ಡೀಸೆಲ್ ಚಿಮ್ಮೋ ಇಂಜೆಕ್ಟರ್ ನಿಲ್ಲುತ್ತೆ ನಿಜ, ಆದ್ರೆ ಟರ್ಬೊ ಸೀಲ್ ಒಡೆದು ಇಂಜಿನ್ ಆಯಿಲ್ಲೇ ಗಾಳಿ ಜೊತೆ ಒಳಗೆ ಹೋಗ್ತಾ ಇದ್ರೆ ಅದನ್ನೇ ಉರಿಸಿಕೊಂಡು ಓಡುತ್ತೆ, ಜೋರಾದಷ್ಟೂ ಟರ್ಬೊ ಇನ್ನಷ್ಟು ಎಳೆಯುತ್ತೆ. ಮ್ಯಾನ್ಯುಯಲ್ ಗೇರ್ ಗಾಡಿ ಆದ್ರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಉಸಿರು ಕಟ್ಟಿಸಬೇಕು, ಅದೂ ಮೊದಲ ಕೆಲವು ಸೆಕೆಂಡಲ್ಲೇ. ಆಗಲಿಲ್ಲ ಅಂದ್ರೆ ಎಲ್ಲರನ್ನೂ ಇಳಿಸಿ ದೂರ ನಿಂತುಬಿಡಿ. ಏರ್ ಪೈಪ್ ಬಾಯಿಗೆ ಕೈ ಅಡ್ಡ ಇಡೋ ಸಾಹಸ ಖಂಡಿತ ಬೇಡ.

ಪ್ರಶ್ನೆ: ಡೀಸೆಲ್ ಜೊತೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದ್ರೆ ನಾಝಲ್ ಕ್ಲೀನ್ ಆಗುತ್ತಂತೆ?

ನಾಝಲ್ ಅಲ್ಲ, ಪಂಪ್ ಕ್ಲೀನಾಗಿ ಹೋಗುತ್ತೆ. ಎಲ್ಲಾ ಇಂಜೆಕ್ಟರ್‌ಗೂ ಡೀಸೆಲ್ ಹಂಚೋ ಕೊಳವೆ, ಅಂದ್ರೆ ಕಾಮನ್ ರೈಲ್‌ನಲ್ಲಿ ಒತ್ತಡ 1,400ರಿಂದ 1,600 ಬಾರ್ ತನಕ ಏರುತ್ತೆ, ನಿಮ್ಮ ಟೈರ್‌ನಲ್ಲಿರೋದು ಎರಡು ಚಿಲ್ಲರೆ ಬಾರ್ ಅಂತ ನೆನಪಿಟ್ಕೊಳ್ಳಿ. ಅಂಥಾ ಪಂಪ್‌ಗೆ ಜಿಡ್ಡು ಕೊಡೋದು ಡೀಸೆಲ್ಲೇ. ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ, ಲೋಹ ಲೋಹಕ್ಕೆ ಉಜ್ಜಿ ಪುಡಿ ಎದ್ದು ನಾಲ್ಕೂ ಇಂಜೆಕ್ಟರ್‌ಗೆ ಹೋಗಿ ಕೂರುತ್ತೆ. ಟ್ಯಾಂಕ್ ಪೂರ್ತಿ ಖಾಲಿ ಆಗೋ ತನಕ ಓಡಿಸೋದೂ ಇದೇ ಕಾರಣಕ್ಕೆ ಬೇಡ. ಡೀಸೆಲ್ ಫಿಲ್ಟರ್ ಟೈಮಿಗೆ ಬದಲಾಯಿಸಿ, ಅದರ ತಳದ ನೀರು ಬಸಿಸಿ, ಅಷ್ಟು ಸಾಕು.

ಪ್ರಶ್ನೆ: 2,40,000 ಕಿಮೀ ಆಗಿರೋ ಒಂದು ಗಾಡಿ ನೋಡಿದೀನಿ, ಮೀಟರ್ ನೋಡಿ ಭಯ ಆಗ್ತಿದೆ.

ಮೀಟರ್‌ಗೆ ಹೆದರಬೇಡಿ, ಆಯಿಲ್ ಬಿಲ್‌ಗಳನ್ನ ಕೇಳಿ. ಎಲ್ಲಾ ಬಿಲ್ ಇರೋ ಎರಡೂವರೆ ಲಕ್ಷದ ಗಾಡಿ, ಬಿಲ್ಲೇ ಇಲ್ಲದ ಎಂಬತ್ತು ಸಾವಿರದ ಗಾಡಿಗಿಂತ ವಾಸಿ. ನೋಡೋಕೆ ಹೋಗುವಾಗ ಇಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ರೆ ಬೆಳಗಿನ ಸದ್ದು ಮುಚ್ಚಿಡೋಕೆ ಯಾರೋ ಆಗ್ಲೇ ಓಡಿಸಿದಾರೆ. ಸ್ಟಾರ್ಟ್ ಮಾಡಿ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಸಣ್ಣಗೆ ಹಬೆ ಬಂದ್ರೆ ಪರವಾಗಿಲ್ಲ, ಬಸ್ಸಿನ ಸೈಲೆನ್ಸರ್ ಥರ ಬುಸುಬುಸು ಅಂದ್ರೆ ಪಿಸ್ಟನ್ ರಿಂಗು ಸವೆದಿದೆ. ಇಂಜೆಕ್ಟರ್‌ಗಳ ರಿಟರ್ನ್ ಪೈಪ್‌ಗೆ ನಾಲ್ಕು ಬಾಟಲಿ ಕಟ್ಟಿ ಯಾವುದರಲ್ಲಿ ಡೀಸೆಲ್ ಜಾಸ್ತಿ ಬರುತ್ತೆ ಅಂತ ನೋಡಿಸಿ (ಜಾಸ್ತಿ ಬರೋ ಇಂಜೆಕ್ಟರ್ ಸವೆದಿದೆ ಅಂತ ಅರ್ಥ), ಆಮೇಲೆ ಕೂತು ವ್ಯಾಪಾರ ಮಾತಾಡಿ.