ಪ್ರತಿಕ್ರಿಯೆ: ಟಿಗ್ರೆಕ್ಸ್ ಎದುರು ಗ್ರೇಟ್ ಸ್ವೋರ್ಡ್ ಬಿಡಬೇಕೇ?

ಪಿಎಸ್‌ಪಿ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರದ ಬೇಟೆಯ ಆಟ ಮಾನ್ಸ್ಟರ್ ಹಂಟರ್ ಫ್ರೀಡಂ ಯುನೈಟ್‌ನಲ್ಲಿ ಟಿಗ್ರೆಕ್ಸ್ ಎಂಬ ದೈತ್ಯ ಮೃಗದ ಎದುರು ಪ್ರತಿಸಲ ಮೂರು ಬಾರಿ ಬಿದ್ದು ಕ್ವೆಸ್ಟ್ (ಆಟ ಕೊಡುವ ಬೇಟೆಯ ಕೆಲಸ) ಸೋಲುತ್ತಿದೆ, ಆಯುಧ ಬದಲಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಬದಲಿಸಬೇಡಿ. ಈ ಬೇಟೆಗೆ ಗ್ರೇಟ್ ಸ್ವೋರ್ಡ್ ಎಂಬ ಭಾರಿ ಕತ್ತಿ ತುಂಬಾ ಚೆನ್ನಾಗಿ ಒಗ್ಗುತ್ತದೆ.

ತೊಂದರೆ ಇರುವುದು ಕತ್ತಿಯನ್ನು ಹೊರಗೇ ಹಿಡಿದುಕೊಂಡಿರುವುದರಲ್ಲಿ. ಆಗ ಓಡಲಾಗುವುದಿಲ್ಲ. ಒರೆಯಲ್ಲೇ ಇಟ್ಟು ಕಾಯಿರಿ. ಟಿಗ್ರೆಕ್ಸ್ ನುಗ್ಗಿದಾಗ ನೇರ ಹಿಂದಕ್ಕಲ್ಲ, ಪಕ್ಕಕ್ಕೆ ಓಡಿ. ಒಮ್ಮೆ ತಪ್ಪಿಸಿಕೊಂಡರೆ ಸಾಲದು, ಮತ್ತೆ ತಿರುಗಿ ನುಗ್ಗುತ್ತದೆ. ನಿಂತ ಮೇಲೆಯೇ ಹತ್ತಿರ ಹೋಗಿ ತಲೆಗೆ ಒಂದೇ ಏಟು, ಉರುಳಿ, ಚೌಕದ ಬಟನ್ ಒತ್ತಿ ಒರೆಗೆ ಹಾಕಿ. ಎರಡನೇ ಏಟಿನ ಆಸೆಯೇ ಹೆಚ್ಚಿನವರನ್ನು ಬೀಳಿಸುವುದು.

ಬಂಡೆಗೋಡೆಗೆ ಬೆನ್ನು ಕೊಟ್ಟು ನಿಂತು, ಅದು ನುಗ್ಗುವಾಗ ಪಕ್ಕಕ್ಕೆ ಸರಿದರೆ ಅದರ ಹಲ್ಲು ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಚಾರ್ಜ್ ಮಾಡಿದ (ಬಟನ್ ಒತ್ತಿ ಹಿಡಿದು ಹಂತಹಂತವಾಗಿ ಬಲ ಕೂಡಿಸಿದ) ಏಟಿಗೆ ಅದೇ ಸಮಯ. ಮೂರನೇ ಹಂತ ದಾಟಿಸಿ ಹಿಡಿದರೆ ಬಲ ಕುಗ್ಗುತ್ತದೆ, ನೆನಪಿರಲಿ.

ಮೃಗದ ಕಣ್ಣು ಕತ್ತಲಾಗಿಸುವ ಫ್ಲ್ಯಾಶ್ ಬಾಂಬ್ ಐದೇ ಹಿಡಿಯುವುದರಿಂದ, ಅದನ್ನು ಮಾಡುವ ಸಾಮಗ್ರಿಗಳಾದ ಬಾಂಬ್ ಕೇಸಿಂಗ್, ಫ್ಲ್ಯಾಶ್‌ಬಗ್ ಒಯ್ದು ಅಲ್ಲೇ ಮಾಡಿಕೊಳ್ಳಿ. ಮುಖ ನಿಮ್ಮ ಕಡೆ ಇದ್ದಾಗ ಎಸೆಯಿರಿ. ಕಣ್ಣು ಕತ್ತಲಾದರೂ ನಿಂತಲ್ಲೇ ಸುತ್ತಿ ಹೊಡೆಯುತ್ತದೆ, ಹಾಗಾಗಿ ಆ ಹೊತ್ತನ್ನು ಪೋಷನ್ ಕುಡಿಯಲು, ಕತ್ತಿ ಮಸೆಯಲು ಬಳಸಿ. ಅವಸರ ಬೇಡ, ಕ್ವೆಸ್ಟ್‌ಗೆ ಇರುವ 50 ನಿಮಿಷ ಧಾರಾಳ ಸಾಕು.