ಲ್ಯಾಂಡ್‌ಮೈನ್ ಸಿಡಿದ್ರೂ ಮಿಲಿಟರಿ ಗಾಡಿ ಒಳಗಿನೋರು ಹೆಂಗ ಉಳೀತಾರ?

ದಪ್ಪ ಕಬ್ಬಿಣ ಒಂದ ಸಾಲಂಗಿಲ್ರಿ, ಮುಖ್ಯ ಗಾಡಿ ತಳದ ಆಕಾರ. ನಮ್ಮ ಸಂಡೂರು ಕಡೆ ಅದಿರು ಹೊರೋ ಟಿಪ್ಪರ್ ಕ್ಯಾಬಿನ್ ತಳ ನೋಡ್ರಿ, ಚಪ್ಪಟೆ ಇರ್ತೈತಿ, ಅಂಥದ್ದಕ್ಕ ಕೆಳಗಿಂದ ಸ್ಫೋಟ ಹೊಡದ್ರ ಅಷ್ಟೂ ಜೋರು ನೇರ ಕೂತೋರ ಕಾಲಿಗೆ, ಬೆನ್ನೆಲುಬಿಗೆ ಬರ್ತೈತಿ. ಅದಕ್ಕ ಈ ಮಿಲಿಟರಿ ಗಾಡಿಗಳ ತಳ ದೋಣಿ ಹಂಗ ಚೂಪು ಮಾಡಿ, ನೆಲದಿಂದ ಎತ್ತರಕ್ಕ ಇಟ್ಟಿರ್ತಾರ, ಹೊಡತ ಎರಡೂ ಮಗ್ಗಲಿಗೆ ಜಾರಿ ಹೋಗ್ತೈತಿ, ಗಾಲಿ ಆಕ್ಸಲ್ ಕಿತ್ಕೊಂಡು ಹೋದ್ರೂ ಮಂದಿ ಉಳೀತಾರ. ದಕ್ಷಿಣ ಆಫ್ರಿಕಾದೋರು 1970ರ ದಶಕದ ಕೊನೀಗೆ ಮಾಡಿದ ಕ್ಯಾಸ್ಪಿರ್ ಗಾಡಿ ಗಾಲಿ ಕೆಳಗ 21 ಕೆಜಿ ಟಿಎನ್‌ಟಿ ಸ್ಫೋಟಕ ಸಿಡಿದ್ರೂ ತಡೀತೈತಿ, ನಮ್ಮ ಸೈನ್ಯದಾಗೂ ಅದಾವ. ಆದ್ರ ಬೆಲ್ಟ್ ಹಾಕಿರಬೇಕ್ರಿ, ಇಲ್ಲಾಂದ್ರ ಗಾಡಿ ಜಿಗಿದಾಗ ತಲಿ ಮ್ಯಾಲಿನ ತಗಡಿಗೆ ಬಡೀತೈತಿ.

ಮೈನ್ ಹುಡುಕೋ ಗಾಡಿ ಬ್ಯಾರೆ. ಹಸ್ಕಿ ಅಂತ ಐತಿ, ಒಬ್ಬನ ಡ್ರೈವರ್ ಕೂಡೋದು, ನೆಲದ ಮ್ಯಾಲೆ ಒತ್ತಡ ಕಡಿಮಿ ಬೀಳೋದಕ್ಕ ಟ್ಯಾಂಕ್ ಒಡಿಯೋ ಮೈನ್ ಮ್ಯಾಲೆ ಹಾದ್ರೂ ಸಾಮಾನ್ಯವಾಗಿ ಸಿಡಿಯಂಗಿಲ್ಲ, ಡಿಟೆಕ್ಟರ್ ಲೋಹ ಹಿಡೀತೈತಿ, ಪ್ಲಾಸ್ಟಿಕ್ ಮೈನ್‌ಗೆ ನೆಲದೊಳಗ ನೋಡೋ ರೇಡಾರ್ ಹಾಕ್ತಾರ. ಸಿಡಿದ್ರೂ ಮುಂದಿನ ಹಿಂದಿನ ಗಾಲಿ ಭಾಗ ಕಳಚಿ ಬೀಳ್ತಾವ, ಹೊಸಾವು ಜೋಡಿಸಿ ಮತ್ತ ಓಡಿಸ್ತಾರ.